ದಾದರ್‌ನಲ್ಲಿ ಇಪ್ಪತ್ತು ಸೆಕೆಂಡು

ಪಾರ್ಸಿಕ್ ಗುಡ್ಡ ಹಿಂದೆ ಉಳಿದಿದೆ. ಖಾಡಿಯ ಮೇಲೆ ಮಳೆ ಓರೆಯಾಗಿ ಹೊಡೆಯುತ್ತಿದೆ, ನೀರೆಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯುತ್ತಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಬಾಗಿಲ ಬಳಿ ನೀವು ನಿಂತಿದ್ದೀರಿ. ಬೆನ್ನಿಗಿರಬೇಕಾದ ಚೀಲ ಎದೆಯ ಮೇಲಿದೆ, ಎರಡೂ ತೋಳು ಅದನ್ನು ಬಳಸಿ ಹಿಡಿದಿವೆ. ಒಳಗೆ ಅಮ್ಮನ ಫೈಲು. ಫೈಲಿನ ಪಕ್ಕದಲ್ಲಿ ಬೈರಾಸಿನಲ್ಲಿ ಸುತ್ತಿದ ಒಂದು ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಬಯಾಪ್ಸಿಯ ಗಾಜಿನ ಸ್ಲೈಡುಗಳಿವೆ, ಮೇಣದಲ್ಲಿ ಹುದುಗಿಸಿದ ಬ್ಲಾಕು ಇದೆ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಊರಿನ ಲ್ಯಾಬಿನ ವರದಿಯೊಂದನ್ನೇ ನೋಡಿ ತೀರ್ಮಾನ ಹೇಳುವುದಿಲ್ಲ. ಸ್ಲೈಡನ್ನು ತಾವೇ ಇನ್ನೊಮ್ಮೆ ಪರೀಕ್ಷಿಸುತ್ತಾರೆ. ಅಮ್ಮ ಕುಂದಾಪುರದಲ್ಲೇ ಇದ್ದಾಳೆ. ಮೊದಲು ನೀವು ಹೋಗಿ ಫೈಲು ಮಾಡಿಸುವುದು, ಆಮೇಲೆ ಮಾವ ಅವಳನ್ನು ಕರೆತರುವುದು ಎಂದು ಮಾತಾಗಿದೆ. ಹೊರಡುವಾಗ ಅವಳು ಚೀಲದ ಜಿಪ್ಪನ್ನು ತಾನೇ ಎಳೆದು, "ಜಾಗ್ರತಿ ಮಾಣಿ" ಎಂದಷ್ಟೇ ಹೇಳಿದಳು.

ರಾತ್ರಿಯಿಡೀ ನಿಮಗೆ ನಿದ್ದೆ ಹತ್ತಿಲ್ಲ. ರತ್ನಾಗಿರಿಯ ಹತ್ತಿರ ಸುರಂಗದ ಹಿಂದೆ ಸುರಂಗ ಬಂದು ಕಿವಿ ಗುಂಯ್ ಎಂದಿತು. ಕರಬುಡೆಯ ಆರೂವರೆ ಕಿಲೋಮೀಟರ್ ಕತ್ತಲಲ್ಲಿ ಒದ್ದೆ ಕಲ್ಲಿನ ವಾಸನೆ ಕಿಟಕಿಯಿಂದ ನುಗ್ಗಿತು. ಬಂಡೆ ಸೀಳಿ ಮಾಡಿದ ಒಂದು ಕಣಿವೆಯಲ್ಲಿ, ಆ ಸುರಿಮಳೆಯ ನಡುವೆ, ಒಂದು ದೀಪ ಅಲುಗಿ ಹಿಂದೆ ಸರಿಯಿತು. ಹಳಿಯ ಮೇಲೆ ಕಲ್ಲು ಉರುಳಿದೆಯೇ ಎಂದು ನೋಡುತ್ತ ಮಳೆಗಾಲವಿಡೀ ರಾತ್ರಿ ನಡೆಯುವ ಗಸ್ತಿನವನ ದೀಪ ಅದು. ಮಳೆಗಾಲಕ್ಕೆ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಮುಂದಿನ ಹಳಿ ಕಾಣದಷ್ಟು ಮಳೆ ಬಂದರೆ ಚಾಲಕ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕು. ನಿನ್ನೆ ರಾತ್ರಿ ಹಾಗೇ ಆಗಿದೆ. ಇದರ ಬಗ್ಗೆ ಗೊಣಗಲು ಮನಸ್ಸು ಒಪ್ಪುವುದಿಲ್ಲ. 1998ರಲ್ಲಿ ಈ 741 ಕಿಲೋಮೀಟರ್ ಹಾದಿ ದೇಶಕ್ಕೆ ಸಮರ್ಪಣೆಯಾಗುವವರೆಗೆ ನಮ್ಮ ಕರಾವಳಿಯವರು ಮುಂಬಯಿಗೆ ಹೋಗುತ್ತಿದ್ದುದು ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತ, ಬಸ್ಸಿನಲ್ಲಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿ ಹಟ ಹಿಡಿದದ್ದರಿಂದ, ಇ. ಶ್ರೀಧರನ್ ಆ ಹಟವನ್ನು ಸುರಂಗವಾಗಿಯೂ ಸೇತುವೆಯಾಗಿಯೂ ಕಟ್ಟಿದ್ದರಿಂದ, ರೋಗಿಯೊಬ್ಬಳು ಈಗ ಮಲಗಿಕೊಂಡೇ ಮುಂಬಯಿ ತಲುಪಬಹುದು.

ಆದರೆ ಆ ತಡದಿಂದ ನಿಮಗೊಂದು ಫಜೀತಿ ಬಂದಿದೆ. ನಸುಕಿನಲ್ಲಿ ಇಳಿಯಬೇಕಿದ್ದವರು ಎಂಟು ದಾಟಿದ ಮೇಲೆ ಇಳಿಯುತ್ತಿದ್ದೀರಿ. ಮುಂಬಯಿಯಲ್ಲಿ ಬೆಳಗಿನ ಎಂಟರಿಂದ ಹತ್ತೂವರೆ ಎಂದರೆ ಏನು ಎಂದು ಹೋಟೆಲಿನಲ್ಲಿ ಕೆಲಸಕ್ಕಿರುವ ದೊಡ್ಡಪ್ಪನ ಮಗ ಫೋನಿನಲ್ಲಿ ಹೇಳಿದ್ದಾನೆ. "ಕುರ್ಲಾ ಟರ್ಮಿನಸ್‌ವರೆಗೆ ಹೋಗ್ಬೇಡ, ಅಲ್ಲಿಂದ ಲೋಕಲ್ ಸ್ಟೇಷನ್ನಿಗೆ ಮಳೆಯಲ್ಲಿ ನಡೀಬೇಕು. ಥಾಣೆಯಲ್ಲಿ ಇಳಿ. ಥಾಣೆಯಿಂದಲೇ ಹೊರಡುವ ಸ್ಲೋ ಇರ್ತದೆ, ಅದನ್ನೇ ಹಿಡಿ. ಫಾಸ್ಟಿಗೆ ಕೈ ಹಾಕ್ಬೇಡ."

ಥಾಣೆ. ಕಾಲು ನೆಲಕ್ಕೆ ತಾಗಿದ ಕೂಡಲೇ ಶಬ್ದ ನಿಮ್ಮನ್ನು ಮುತ್ತುತ್ತದೆ. ಮೊದಲು ಕೇಳಿಸುವುದು ಚಪ್ಪಲಿಗಳು: ಒದ್ದೆ ಸಿಮೆಂಟಿನ ಮೇಲೆ ಸಾವಿರಾರು ಚಪ್ಪಲಿಗಳ ಚಪಚಪ. ಅದರ ಮೇಲೆ ಮೂರು ಭಾಷೆಯ ಘೋಷಣೆ. ಕರಿದ ಎಣ್ಣೆಯ, ವಡಾಪಾವಿನ ಚಟ್ನಿಯ, ಬ್ರೇಕು ತಿಕ್ಕಿ ಸುಟ್ಟ ಕಬ್ಬಿಣದ, ಮುಗ್ಗಲು ರೇನ್‌ಕೋಟಿನ ವಾಸನೆಗಳು ಒಂದಾಗಿ ಗಂಟಲಿಗೆ ಇಳಿಯುತ್ತವೆ. ಭಾರತದ ಮೊಟ್ಟಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಈ ಊರಿಗೆ. ಅಂದು ಜನ ಅದನ್ನು ನೋಡಲು ಬಂದಿದ್ದರು. ಇಂದು ಯಾರೂ ಏನನ್ನೂ ನೋಡುತ್ತಿಲ್ಲ. ಎಲ್ಲರ ಕಣ್ಣು ಮೇಲೆ ತೂಗುವ ಇಂಡಿಕೇಟರಿನ ಮೇಲೆ.

ಟಿಕೆಟ್ ಯಂತ್ರದ ಮುಂದೆ ನಿಂತ ಹಿರಿಯರೊಬ್ಬರು ನಿಮ್ಮ ನಾಣ್ಯ ತೆಗೆದುಕೊಂಡು ತಾವೇ ಗುಂಡಿ ಒತ್ತಿ ಪರೇಲಿನ ಚೀಟಿ ಕೊಡುತ್ತಾರೆ. ಎರಡನೆಯ ದರ್ಜೆಗೆ ಒಂದು ಚಹಾದ ದುಡ್ಡು. ಇಷ್ಟು ಅಗ್ಗದಲ್ಲಿ ಇಷ್ಟು ದೂರ ಒಯ್ಯುವ ಇನ್ನೊಂದು ವಾಹನ ಈ ಊರಿನಲ್ಲಿಲ್ಲ. ಹಾಗಾಗಿಯೇ ದಿನಕ್ಕೆ 70 ಲಕ್ಷದ ಆಚೀಚೆ ಜನ ಈ ಹಳಿಗಳನ್ನು ನಂಬಿದ್ದಾರೆ. ನಗರ ಉದ್ದಕ್ಕೆ ಚಾಚಿದ ಕಿರಿದಾದ ಭೂಮಿ; ಎರಡು ಬದಿ ನೀರು. ಬಾಡಿಗೆ ಕೈಗೆಟಕುವ ಮನೆಗಳೆಲ್ಲ ಉತ್ತರಕ್ಕೆ, ಕಚೇರಿಗಳು ಬಹುಪಾಲು ದಕ್ಷಿಣಕ್ಕೆ. ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗಬೇಕು.

ಇಂಡಿಕೇಟರಿನಲ್ಲಿ ಫಾಸ್ಟ್ ಎಂದು ತೋರಿಸುತ್ತಿದೆ. ಎರಡು ನಿಮಿಷ. ಇದು ದಾದರಿನವರೆಗೆ ಎರಡು ಮೂರು ಕಡೆ ಮಾತ್ರ ನಿಲ್ಲುತ್ತದೆ, ಅಲ್ಲಿಂದ ಪರೇಲಿಗೆ ಒಂದೇ ನಿಲ್ದಾಣ. ಆಸ್ಪತ್ರೆಯ ಸಾಲು ಬೆಳಿಗ್ಗೆಯೇ ಬೆಳೆಯುತ್ತದೆ ಎಂದು ಕೇಳಿದ್ದೀರಿ. ಕಾಲು ತಾನಾಗಿ ಆ ಪ್ಲಾಟ್‌ಫಾರ್ಮಿನ ಕಡೆ ತಿರುಗುತ್ತದೆ.

ರೈಲು ಬರುತ್ತದೆ. ಬೋಗಿ ಕಾಣುವ ಮೊದಲು ಜನ ಕಾಣುತ್ತಾರೆ. ಪ್ರತಿ ಬಾಗಿಲಿನಿಂದ ಮೈಗಳು ಹೊರಗೆ ಉಬ್ಬಿಕೊಂಡಿವೆ. ಕೆಲವರ ಒಂದು ಕಾಲು ಮಾತ್ರ ಪಾದಾನದ ಮೇಲೆ, ಇನ್ನೊಂದು ಗಾಳಿಯಲ್ಲಿ. ಕರ್ಜತ್ತಿನಿಂದಲೋ ಕಸಾರಾದಿಂದಲೋ ಕಲ್ಯಾಣದಿಂದಲೋ ತುಂಬಿಕೊಂಡೇ ಬಂದಿದೆ. ಬೆಳಗಿನ ಹೊತ್ತಿನ ಈ ಒತ್ತಡಕ್ಕೆ ರೈಲ್ವೆಯವರ ಕಡತದಲ್ಲೇ ಒಂದು ಹೆಸರುಂಟು, ಸೂಪರ್ ಡೆನ್ಸ್ ಕ್ರಷ್ ಲೋಡ್: ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುವುದು. ಲೆಕ್ಕವಾಗಿ ಅದು ನಿಮಗೆ ಅರ್ಥವಾಗುವುದಿಲ್ಲ. ಹಿಂದಿನಿಂದ ಯಾರದೋ ಮೊಣಕೈ ಪಕ್ಕೆಲುಬಿಗೆ ನಾಟಿದಾಗ, ಮುಂದಿನವನ ಬೆನ್ನಿನ ಬೆವರು ನಿಮ್ಮ ಕೆನ್ನೆಗೆ ಅಂಟಿದಾಗ ಅರ್ಥವಾಗುತ್ತದೆ. "ಆತ್ ಚಲಾ! ಆತ್ ಚಲಾ!" ಒಳಗೆ ನಡೆಯಿರಿ ಎಂದು ಹೊರಗಿನವರ ಕೂಗು, ಒಳಗೆ ಎಲ್ಲಿ ಎಂದು ಒಳಗಿನವರ ಕೂಗು. ನಿಮ್ಮ ಎದೆಗೂ ಮುಂದಿನವನ ಬೆನ್ನಿಗೂ ನಡುವೆ ಚೀಲವಿದೆ. ಚೀಲದೊಳಗೆ ಏನೋ ಕರ್ ಎನ್ನುತ್ತದೆ.

ಗಾಜೇ? ಪ್ಲಾಸ್ಟಿಕ್ಕೇ?

ಒಂದು ಕೈ ಬಾಗಿಲ ಕಂಬಕ್ಕೆ ತಾಗಿದೆ. ಇನ್ನೊಂದು ಹೆಜ್ಜೆ ಇಟ್ಟರೆ ನೀವು ಒಳಗಿನವರು. ಹೆಜ್ಜೆ ಇಡುವುದೇ? ಊರಿನ ಲ್ಯಾಬಿನವರು ಪೆಟ್ಟಿಗೆ ಕೊಡುವಾಗ ಹೇಳಿದ್ದು ನೆನಪಾಗುತ್ತದೆ: ಇದು ಹೋದರೆ ಮತ್ತೆ ಸೂಜಿ ಚುಚ್ಚಿ ತೆಗೆಯಬೇಕಾದೀತು. ಅಮ್ಮ ಆ ದಿನ ಹಲ್ಲು ಕಚ್ಚಿ ಗೋಡೆ ನೋಡುತ್ತ ಮಲಗಿದ್ದನ್ನು ನೀವು ಕಂಡಿದ್ದೀರಿ. ನೀವು ಕೈ ಬಿಡುತ್ತೀರಿ. ಹಿಂದಿನವರು ಬೈಯುತ್ತ ನಿಮ್ಮ ಎರಡೂ ಬದಿಯಿಂದ ನುಗ್ಗುತ್ತಾರೆ. ಶಿಳ್ಳೆಯಿಲ್ಲ, ಜಗ್ಗಿಲ್ಲ, ವಿದ್ಯುತ್ ರೈಲು ನಿಶ್ಶಬ್ದವಾಗಿ ಜಾರಿ ಹೊರಡುತ್ತದೆ. ಬಾಗಿಲಿನ ಹೊರಗೆ ಜೋತವರಲ್ಲಿ ಒಬ್ಬ ಹುಡುಗ, ಕಾಲೇಜಿನ ವಯಸ್ಸು, ಮಳೆಗೆ ಕಣ್ಣು ಕಿರಿದು ಮಾಡಿ ನಿಮ್ಮನ್ನೇ ನೋಡುತ್ತ ದೂರವಾಗುತ್ತಾನೆ.

ಥಾಣೆಯಿಂದ ಹೊರಡುವ ಸ್ಲೋ ಲೋಕಲ್ ಖಾಲಿಯಾಗಿ ಬರುತ್ತದೆಂದು ನಂಬಿದ್ದಿರಿ. ಬಂದು ನಿಲ್ಲುವಾಗಲೇ ಅದರ ಕಿಟಕಿ ಬದಿಗಳೆಲ್ಲ ಭರ್ತಿ. ಮುಲುಂಡ್, ಭಾಂಡುಪಿನವರು ಉಲ್ಟಾ ದಿಕ್ಕಿನಲ್ಲಿ ಥಾಣೆಗೆ ಬಂದು, ಇಳಿಯದೆ ಕೂತು, ಅದೇ ಸೀಟಿನಲ್ಲಿ ವಾಪಸು ಹೋಗುತ್ತಾರೆ. ಸೀಟಿಗಾಗಿ ಹತ್ತು ಹದಿನೈದು ನಿಮಿಷ ಹೆಚ್ಚು ಪ್ರಯಾಣ. ಮೂರು ಜನರ ಬೆಂಚಿಗೆ ನಾಲ್ಕನೆಯವನು ಅರ್ಧ ತೊಡೆ ಊರಿ ಕೂರುವುದು ಇಲ್ಲಿನ ನ್ಯಾಯ. ಅದಕ್ಕೆ ಫೋರ್ತ್ ಸೀಟ್ ಎಂದೇ ಹೆಸರು, ಕೇಳಿದರೆ ಮೂವರೂ ಸರಿದು ಕೊಡಬೇಕು. ನಿಮಗೆ ಅದೂ ಇಲ್ಲ. ಆದರೆ ನಿಲ್ಲಲು ಜಾಗವಿದೆ, ಉಸಿರಾಡಲು ಗಾಳಿಯಿದೆ.

ಈಗ ಇನ್ನೊಂದು ನಿರ್ಧಾರ. ಬಾಗಿಲ ಬಳಿ ನಿಂತರೆ ಇಳಿಯುವುದು ಸುಲಭ, ಆದರೆ ಪ್ರತಿ ನಿಲ್ದಾಣದಲ್ಲೂ ಹತ್ತುವವರ ಪೂರ್ತಿ ಭಾರ ನಿಮ್ಮ ಎದೆಗೆ. ಬೆಂಚುಗಳ ನಡುವಿನ ಸಂದಿಗೆ ಹೋದರೆ ಚೀಲ ಕ್ಷೇಮ, ಆದರೆ ಪರೇಲಿನಲ್ಲಿ ರೈಲು ನಿಲ್ಲುವುದು ಇಪ್ಪತ್ತೋ ಮೂವತ್ತೋ ಸೆಕೆಂಡು. ಹೊರಬರಲಾಗದೆ ಮುಂದೆ ಹೋಗಿಬಿಡಬಹುದು. ಗಾಜು ಗೆಲ್ಲುತ್ತದೆ. ನೀವು ಸಂದಿಗೆ ಹೋಗುತ್ತೀರಿ.

ಮುಲುಂಡ್. ನಾಹೂರ್. ಭಾಂಡುಪ್. ಒಂದೊಂದು ನಿಲ್ದಾಣಕ್ಕೂ ಗಾಳಿ ಒಂದೊಂದು ಪದರ ದಪ್ಪವಾಗುತ್ತದೆ. ಮಳೆ ಒಳಬರದಿರಲೆಂದು ಕಿಟಕಿಯ ಗಾಜು ಇಳಿಸಿದ್ದಾರೆ. ಕೊಬ್ಬರಿ ಎಣ್ಣೆ, ಅಗರಬತ್ತಿ, ಒದ್ದೆ ಸಾಕ್ಸು. ತಲೆಯ ಮೇಲಿನ ಫ್ಯಾನು ಬಿಸಿಯನ್ನೇ ತಿರುವುತ್ತಿದೆ. ವಿಕ್ರೋಲಿಯಲ್ಲಿ ನಿಮ್ಮ ಕಾಲು ಎಲ್ಲಿದೆ ಎಂದು ನಿಮಗೆ ಕಾಣುವುದಿಲ್ಲ. ಘಾಟ್‌ಕೋಪರಿನಲ್ಲಿ ಅಂಧೇರಿಗೆ ಹೋಗುವ ಮೆಟ್ರೋ ಹಿಡಿಯುವವರು ದಬದಬನೆ ಇಳಿಯುತ್ತಾರೆ. 2014ಕ್ಕೆ ಮೊದಲು ಅವರೆಲ್ಲ ದಾದರಿನವರೆಗೆ ಹೋಗಿ ಮಾರ್ಗ ಬದಲಿಸಬೇಕಿತ್ತು, ಇಲ್ಲವೇ ಬಸ್ಸಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಿತ್ತು. ಒಂದು ಕ್ಷಣ ಪಕ್ಕೆಲುಬು ಅಗಲವಾಗುತ್ತದೆ. ಮರುಕ್ಷಣ ಅಷ್ಟೇ ಜನ ಹತ್ತಿ ನೀವು ಗಾಣಕ್ಕೆ ಕೊಟ್ಟ ಕಬ್ಬಾಗುತ್ತೀರಿ. ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತುತ್ತೀರಿ. ಹಿಡಿದುಕೊಳ್ಳಲು ಈಗ ಕೈಯೇ ಇಲ್ಲ. ರೈಲು ತೂಗಿದರೆ ನಿಮ್ಮನ್ನು ಬೀಳದಂತೆ ನಿಲ್ಲಿಸಿರುವುದು ಸುತ್ತಲಿನ ಮೈಗಳು ಮಾತ್ರ. ಭುಜ ನಡುಗಲು ಶುರುವಾಗುತ್ತದೆ.

ಎದುರು ಕೂತವರು ನೋಡುತ್ತಿದ್ದಾರೆ. ಐವತ್ತು ದಾಟಿದ ವಯಸ್ಸು, ಮೊಣಕಾಲ ಮೇಲೆ ಮಡಿಸಿದ ಮರಾಠಿ ಪತ್ರಿಕೆ. ಅವರು ಕೈ ಚಾಚುತ್ತಾರೆ: ಕೊಡಿ. ನೀವು ತಲೆಯಲ್ಲಾಡಿಸಿ, ಬಂದಷ್ಟು ಹಿಂದಿಯಲ್ಲಿ, "ಕಾಂಚ್ ಹೈ... ರಿಪೋರ್ಟ್" ಎನ್ನುತ್ತೀರಿ. ಅವರ ಹುಬ್ಬು ಸ್ವಲ್ಪ ಮೇಲೇರುತ್ತದೆ.

"ಟಾಟಾ?"

ಈ ಊರಿನಲ್ಲಿ ಪರೇಲಿನ ಕಡೆ ಹೋಗುವವನನ್ನು ಹೀಗೆ ಕೇಳಿದರೆ ಕಾರ್ಖಾನೆಯೂ ಅಲ್ಲ, ಕಾರೂ ಅಲ್ಲ. 1941ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಗೆ ಅಸ್ಸಾಮಿನಿಂದ, ಬಿಹಾರದಿಂದ, ನಮ್ಮ ಕಲಬುರಗಿ, ಕಾರವಾರದಿಂದ ಫೈಲು ಹಿಡಿದು ಬರುವವರನ್ನು ಈ ಲೋಕಲ್‌ಗಳು ದಿನವೂ ಕಂಡಿವೆ. ನೀವು ಹೌದೆನ್ನುತ್ತೀರಿ. ಅವರ ಕೈ ಚಾಚಿಯೇ ಇದೆ.

ಕೊಡುವುದೇ? ಅಪರಿಚಿತನ ಕೈಗೆ? ಆದರೆ ಅವರಿಗೂ ಇದು ಸಣ್ಣ ಮಾತಲ್ಲ. 2006ರ ಜುಲೈ 11ರ ಸಂಜೆ ಪಶ್ಚಿಮ ಮಾರ್ಗದ ಲೋಕಲ್‌ಗಳಲ್ಲಿ ಏಳು ಬಾಂಬುಗಳು ಒಂದರ ಹಿಂದೊಂದು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಅಪರಿಚಿತ ಚೀಲಗಳನ್ನು ಮುಟ್ಟಬೇಡಿ ಎಂದು ಇದೇ ಧ್ವನಿವರ್ಧಕಗಳು ಹೇಳುತ್ತ ಬಂದಿವೆ. ಅಂಥ ಊರಿನ ಮನುಷ್ಯ ನಿಮ್ಮ ಚೀಲ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಮೇಲೆ ಪತ್ರಿಕೆ ಹೊದಿಸಿ ಎರಡೂ ಅಂಗೈ ಇಡುತ್ತಾರೆ. ನಿಮ್ಮ ಭುಜಗಳು ಕೆಳಗಿಳಿಯುತ್ತವೆ. ಬೆರಳುಗಳಿಗೆ ರಕ್ತ ಜುಮುಜುಮು ಹರಿಯುತ್ತದೆ.

ಕುರ್ಲಾ ದಾಟುವಾಗ ರೈಲು ನಿಧಾನವಾಗುತ್ತದೆ. ನಿಲ್ಲುತ್ತದೆ. ಗಾಜಿನಾಚೆ ಹಳಿಗಳ ನಡುವೆ ಕಂದು ನೀರು ಏರಿದೆ, ಮೀಠಿ ನದಿಯ ಕೊಳೆತ ವಾಸನೆ ಸಂದಿಯಿಂದ ಒಳಬರುತ್ತದೆ. ಯಾರೂ ಮಾತಾಡುತ್ತಿಲ್ಲ. ಕುರ್ಲಾ ಮತ್ತು ಸಾಯನ್ ನಡುವಿನ ಈ ತಗ್ಗಿನಲ್ಲಿ ನೀರು ನಿಂತರೆ ಮಧ್ಯ ಮಾರ್ಗ ನಿಂತಂತೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಜನ ರೈಲುಗಳಲ್ಲೇ ರಾತ್ರಿ ಕಳೆದರು, ಎದೆಮಟ್ಟದ ನೀರಿನಲ್ಲಿ ಹಳಿ ಹಿಡಿದು ಮನೆಗೆ ನಡೆದರು. ಈ ಡಬ್ಬಿಯಲ್ಲಿ ಆ ದಿನವನ್ನು ಕಂಡವರು ಎಷ್ಟೋ ಮಂದಿ ಇರಬೇಕು. ಎಲ್ಲರೂ ಒಮ್ಮೆಲೆ ಫೋನು ನೋಡುವುದನ್ನು ಬಿಟ್ಟು ನೀರು ನೋಡುತ್ತಿದ್ದಾರೆ. ಕೆಳಗೆ ಎಲ್ಲೋ ಗಾಳಿ ಬಿಟ್ಟ ಸದ್ದು. ಒಂದು ಅಲುಗು. ರೈಲು ತೆವಳುತ್ತದೆ. ಉಸಿರು ಬಿಟ್ಟದ್ದು ನೂರು ಜನವೋ ಏನೋ, ನಿಮ್ಮ ಕತ್ತಿಗೆ ಬಿಸಿಯಾಗಿ ತಾಗುತ್ತದೆ.

ಸಾಯನ್. ಚೀಲ ವಾಪಸು ಕೇಳಲು ನೀವು ಬಗ್ಗುತ್ತೀರಿ. ಅವರು ತಲೆಯಲ್ಲಾಡಿಸುತ್ತಾರೆ. "ದಾದರ್‌ನಂತರ್ ದೇತೋ." ದಾದರ್ ಆದಮೇಲೆ ಕೊಡುತ್ತೇನೆ, ದಾದರಿನಲ್ಲಿ ಇಳಿಯುವವರ ನೂಕಿಗೆ ನಿಮ್ಮ ಗಾಜು ಉಳಿಯುವುದಿಲ್ಲ, ಆಮೇಲೆ ಡಬ್ಬಿ ಖಾಲಿಯಾಗುತ್ತದೆ, ಪರೇಲಿನಲ್ಲಿ ಆರಾಮಾಗಿ ಇಳಿಯಿರಿ. ಮಾತು ಸರಿಯಾಗಿದೆ. ಮಾಟುಂಗಾದ ಕಂಬಗಳು ಹಾದು ಹೋಗುತ್ತವೆ. ಈ ನಿಲ್ದಾಣದ ಎದುರಿಗೇ 1942ರಿಂದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಲೆಯ ಮೇಲೆ ಊಟ ಬಡಿಸುತ್ತಿದೆ. ನಿಮ್ಮ ಊರಿನ ಎಷ್ಟು ಹುಡುಗರು ಮಾಟುಂಗಾದ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆ ಓದಿದರೋ. ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂಬುದು ಈಗ ಹೊಟ್ಟೆಗೆ ತಿಳಿಯುತ್ತದೆ.

"ಪುಢೀಲ್ ಸ್ಟೇಶನ್, ದಾದರ್."

ಬೆಂಚುಗಳು ಎದ್ದು ನಿಲ್ಲುತ್ತವೆ. ಸಂದಿಯಲ್ಲಿದ್ದವರು, ಕಿಟಕಿಯ ಬಳಿಯವರು, ನಿಮ್ಮ ಹಿಂದಿದ್ದಾರೆಂದು ನಿಮಗೆ ಗೊತ್ತೇ ಇರದವರು, ಎಲ್ಲರೂ ಒಂದೇ ಕಡೆ ತಿರುಗುತ್ತಾರೆ. "ದಾದರ್ ಉತರ್ನಾರ್? ಉತರ್ನಾರ್?" ಭುಜದಿಂದ ಭುಜಕ್ಕೆ ಪ್ರಶ್ನೆ ಸಾಗುತ್ತದೆ. ಇಳಿಯದವನು ಬದಿಗೆ ಸರಿಯಬೇಕು, ಅದು ಇಲ್ಲಿನ ಕಾನೂನು. ನೀವು ಸರಿಯಲು ನೋಡುತ್ತೀರಿ. ಸರಿಯಲು ಬದಿಯೇ ಇಲ್ಲ. ಬೆನ್ನಿಗೆ ಒಂದು ಅಂಗೈ. ಇನ್ನೊಂದು. ಸಂದಿಯಿಂದ ನಡುದಾರಿಗೆ, ನಡುದಾರಿಯಿಂದ ಬಾಗಿಲಿಗೆ. "ನಹೀ, ಪರೇಲ್! ಪರೇಲ್!" ಎಂದು ಕೂಗುತ್ತೀರಿ. ಕಾಲು ನೆಲಕ್ಕೆ ಇಲ್ಲ. ರೈಲು ಇನ್ನೂ ನಿಂತಿಲ್ಲ, ಮುಂದಿನವರು ಆಗಲೇ ಹಾರಿದ್ದಾರೆ. ಮಳೆ ಮುಖಕ್ಕೆ ಹೊಡೆಯುತ್ತದೆ. ನೀವು ದಾದರಿನ ಪ್ಲಾಟ್‌ಫಾರ್ಮಿನ ಮೇಲಿದ್ದೀರಿ.

ಕೈ ಎದೆಗೆ ಹೋಗುತ್ತದೆ. ಎದೆಯ ಮೇಲೆ ಏನೂ ಇಲ್ಲ.

ಜನ ನಿಮ್ಮನ್ನು ಇನ್ನೂ ಒಯ್ಯುತ್ತಿದ್ದಾರೆ, ಹತ್ತು ಹೆಜ್ಜೆ, ಹದಿನೈದು. ಪಶ್ಚಿಮವೂ ಮಧ್ಯವೂ ಕೂಡುವ ನಿಲ್ದಾಣ ಇದು, ಮೆಟ್ಟಿಲ ಕಡೆಗೆ ಇಡೀ ಪ್ಲಾಟ್‌ಫಾರ್ಮೇ ನಡೆಯುತ್ತಿದೆ. ನೀವು ತಿರುಗುತ್ತೀರಿ. ಎದೆಯಿಂದ ಎದೆಗೆ ಡಿಕ್ಕಿ. ಯಾವ ಬಾಗಿಲು? ಯಾವ ಡಬ್ಬಿ? ಪಕ್ಕದ್ದರ ಮೇಲೆ ಕೆಂಪು ಹಳದಿ ಪಟ್ಟೆ ಇದೆ, ಅದು ಫಸ್ಟ್ ಕ್ಲಾಸ್. ನಿಮ್ಮದು ಅದರ ಹಿಂದಿನದು, ಅಲ್ಲ, ಮುಂದಿನದು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿದೆ. ಕಿಟಕಿಯ ಸರಳಿನ ಹಿಂದೆ ಅವರ ಮುಖ. ಅವರು ಚೀಲ ಎತ್ತಿ ತೋರಿಸುತ್ತಿದ್ದಾರೆ, ಬಾಯಿ ಏನೋ ಹೇಳುತ್ತಿದೆ, ಗಾಜು ಇಳಿಸಿದ್ದರಿಂದ ಕೇಳುವುದಿಲ್ಲ. ಸರಳಿನ ನಡುವೆ ಚೀಲ ಹೊರಬರದು.

ರೈಲು ಅಲುಗುತ್ತದೆ.

ಥಾಣೆಯಲ್ಲಿ ಕೈ ಬಿಟ್ಟವರು ನೀವೇ. ಇನ್ನೊಂದು ರೈಲು ಮೂರೋ ನಾಲ್ಕೋ ನಿಮಿಷದಲ್ಲಿ ಬರುತ್ತದೆಂದು ನಿಮಗೆ ಗೊತ್ತು. ಚಲಿಸುವ ರೈಲು ಹತ್ತಬೇಡಿ ಎಂದು ಕಂಬದ ಮೇಲೆ ಬರೆದಿದೆ, ಅದೂ ಕಾಣುತ್ತಿದೆ. ನೀವು ಓಡುತ್ತೀರಿ. ಒದ್ದೆ ಕಲ್ಲು, ಸವೆದ ಚಪ್ಪಲಿ. ಬಾಗಿಲ ನಡುವಿನ ಕಂಬಕ್ಕೆ ಬಲಗೈ. ಕಬ್ಬಿಣ ಮಳೆಗೆ ನೆನೆದು ಜಾರುತ್ತಿದೆ. ಎಡಗಾಲು ಪಾದಾನಕ್ಕೆ ಸಿಕ್ಕಿತು. ಬಲಗಾಲು ಇಲ್ಲ. ಅದರ ಕೆಳಗೆ ಸಂದು, ಸಂದಿನ ಕೆಳಗೆ ಕಪ್ಪು, ಕಪ್ಪಿನಲ್ಲಿ ತಿರುಗುವ ಗಾಲಿಯ ಗಾಳಿ ಪಾದಕ್ಕೆ ತಣ್ಣಗೆ ತಾಗುತ್ತಿದೆ. ಪ್ಲಾಟ್‌ಫಾರ್ಮಿನ ತುದಿ ಬರುತ್ತಿದೆ, ಅಲ್ಲಿಂದಾಚೆ ಸಿಗ್ನಲ್ ಕಂಬ. ಬೆರಳು ಒಂದೊಂದಾಗಿ ಬಿಚ್ಚುತ್ತಿದೆ.

ಯಾರೋ ಕೊರಳಪಟ್ಟಿ ಹಿಡಿಯುತ್ತಾರೆ. ಇನ್ಯಾರೋ ರಟ್ಟೆ. ಅಂಗಿ ಹರಿಯುವ ಸದ್ದು. ನೀವು ಒಳಗೆ ಬಿದ್ದಿದ್ದೀರಿ, ಮೊಣಕಾಲು ನೆಲಕ್ಕೆ ಬಡಿದು. "ಮರಾಯ್ಚಂ ಆಹೇ ಕಾ?" ಸಾಯಬೇಕೇನು ನಿನಗೆ ಎಂದು ರಟ್ಟೆ ಹಿಡಿದವನು ನಡುಗುವ ದನಿಯಲ್ಲಿ ಬೈಯುತ್ತಾನೆ. ಉತ್ತರ ಕೊಡಲು ನಿಮಗೆ ದನಿಯಿಲ್ಲ.

ಪರೇಲ್. ಪತ್ರಿಕೆಯವರು ಎದ್ದು ಬಾಗಿಲವರೆಗೆ ಬಂದು ಚೀಲವನ್ನು ನಿಮ್ಮ ಕೊರಳಿಗೇ ಹಾಕುತ್ತಾರೆ. "ಹೋಈಲ್ ಸಗಳಂ ನೀಟ್" ಎನ್ನುತ್ತಾರೆ: ಎಲ್ಲ ಸರಿಹೋಗುತ್ತದೆ. ನೀವು ಕೈಮುಗಿಯುವಷ್ಟರಲ್ಲಿ ರೈಲು ಅವರನ್ನು ಕರೆದುಕೊಂಡು ಹೊರಟಿದೆ.

ಮೆಟ್ಟಿಲ ಮೇಲೆ ಕಾಲು ಅಲುಗುತ್ತಿದೆ. ಜನ ಛತ್ರಿ ಬಿಡಿಸಲು ಸೇತುವೆಯ ಬಾಯಲ್ಲಿ ನಿಲ್ಲುತ್ತಾರೆ, ಹಿಂದಿನಿಂದ ಒತ್ತು ಬೆಳೆಯುತ್ತದೆ. ಪಕ್ಕದ ಪಶ್ಚಿಮ ಮಾರ್ಗದ ನಿಲ್ದಾಣಕ್ಕೆ ಈಗ ಪ್ರಭಾದೇವಿ ಎಂದು ಹೆಸರು. ಅದು ಎಲ್ಫಿನ್‌ಸ್ಟನ್ ರೋಡ್ ಆಗಿದ್ದಾಗ, 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಹೀಗೇ ಮಳೆಗೆ ನಿಂತವರೂ ರೈಲಿನಿಂದ ಇಳಿದವರೂ ಒಂದೇ ಕಿರಿದಾದ ಮೆಟ್ಟಿಲಿನಲ್ಲಿ ಸಿಕ್ಕಿ 23 ಜನ ಉಸಿರುಗಟ್ಟಿ ಸತ್ತರು. ಆಮೇಲೆ ಸೈನ್ಯ ಬಂದು ಹೊಸ ಸೇತುವೆ ಕಟ್ಟಿತು. ಸೇತುವೆ ಬೇಕೆಂಬ ಕೂಗು ಅದಕ್ಕೆ ಬಹಳ ಮೊದಲೇ ಇತ್ತು. ನೀವು ಕಟಕಟೆಗೆ ಬೆನ್ನು ಹಚ್ಚಿ, ಜನ ಕಳೆಯುವವರೆಗೆ ಕಾಯುತ್ತೀರಿ.

ಪೂರ್ವಕ್ಕೆ ಇಳಿದರೆ ಆಸ್ಪತ್ರೆ ನಡೆಯುವಷ್ಟೇ ದೂರ. ಆದರೆ ಮೊಣಕಾಲು ಒಲ್ಲೆ ಎನ್ನುತ್ತಿದೆ, ಬೆಸ್ಟ್‌ನ ಕೆಂಪು ಬಸ್ಸೊಂದು ಬಂದು ನಿಲ್ಲುತ್ತದೆ. ಹಣೆಯ ಮೇಲಿನ ಸಂಖ್ಯೆ ದೇವನಾಗರಿ ಅಂಕಿಯಲ್ಲಿದೆ. 10 ರೂಪಾಯಿ ಟಿಕೆಟ್. 2025ರ ಮೇ ತಿಂಗಳವರೆಗೆ 5 ಇತ್ತು. ಕಿಟಕಿಯ ಸೀಟು, ಪಕ್ಕದಲ್ಲಿ ಯಾರೂ ಇಲ್ಲ. ಹಿಂದೆ ಹೆಂಗಸೊಬ್ಬಳು ಎಕ್ಸ್‌ರೇ ಲಕೋಟೆಯನ್ನು ಸೆರಗಿನಡಿ ಇಟ್ಟು ಕೂತಿದ್ದಾಳೆ. ನೀವು ಬೈರಾಸು ಬಿಚ್ಚಿ ಪೆಟ್ಟಿಗೆ ತೆರೆಯುತ್ತೀರಿ. ಪೆಟ್ಟಿಗೆಯ ಮುಚ್ಚಳ ಸೀಳಿದೆ. ಸ್ಲೈಡುಗಳು ನೆಟ್ಟಗಿವೆ. ಅರ್ಧ ತಾಸಿನಲ್ಲಿ ಅವು ಕೌಂಟರಿನ ಆಚೆ ಹೋಗುತ್ತವೆ, ನಿಮ್ಮ ಕೈಗೊಂದು ಚೀಟಿ ಬರುತ್ತದೆ.

ಆ ಫಾಸ್ಟ್ ರೈಲಿನ ಬಾಗಿಲಲ್ಲಿದ್ದ ಕಾಲೇಜಿನ ಹುಡುಗನನ್ನು ಈಗ ನೆನೆಯಿರಿ. ಅವನನ್ನು ಮೂರ್ಖನೆಂದುಕೊಂಡಿದ್ದಿರಿ. ಅವನಿಗೂ ಒಳಗೆ ಒಂದು ಪೆಟ್ಟಿಗೆ ಇರಬೇಕು: ಪರೀಕ್ಷೆಯೋ, ತಡವಾದರೆ ಸಂಬಳ ಕತ್ತರಿಸುವ ಯಜಮಾನನೋ. 2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹಾದ ಎರಡು ಲೋಕಲ್‌ಗಳ ಬಾಗಿಲಿನಿಂದ ಬಿದ್ದವರೂ ಹಾಗೆ ಹೊರಟವರೇ. ನಾಲ್ವರು ಅಂದೇ ಸತ್ತರು. ಹಳಿ ದಾಟುವಾಗ ಸಿಕ್ಕಿದವರು, ರೈಲಿನಿಂದ ಬಿದ್ದವರು ಎಲ್ಲ ಸೇರಿ ಮುಂಬಯಿಯ ಉಪನಗರ ಹಳಿಗಳ ಮೇಲೆ ಸಾಮಾನ್ಯ ವರ್ಷವೊಂದರಲ್ಲಿ 2,000ಕ್ಕಿಂತ ಹೆಚ್ಚು ಜನ ಸಾಯುತ್ತಾರೆ. 2024ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ನಾಚಿಕೆಯ ಸಂಗತಿ ಎಂದು ರೈಲ್ವೆಯನ್ನು ಗದರಿಸಿತು.

ಬಾಗಿಲು ಮುಚ್ಚಿಬಿಟ್ಟರೆ ಮುಗಿಯಿತಲ್ಲ ಎನ್ನುವುದು ಸುಲಭ. ಈಗಿನ ಡಬ್ಬಿಯನ್ನು ಹಾಗೇ ಮುಚ್ಚಿದರೆ ಒಳಗಿನವರು ಉಸಿರುಗಟ್ಟುತ್ತಾರೆ. ಅವರಿಗೆ ಗಾಳಿ ಬರುವುದೇ ಆ ಬಾಗಿಲಿನಿಂದ. ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರಿನಿಂದ ಓಡುತ್ತಿದೆ, ಅದರ ಬಾಗಿಲು ಮುಚ್ಚಿದ ಮೇಲೇ ರೈಲು ಹೊರಡುವುದು, ಆದರೆ ಟಿಕೆಟಿನ ಬೆಲೆ ಹಲವು ಪಟ್ಟು. 33.5 ಕಿಲೋಮೀಟರಿನ ನೆಲದಡಿಯ ಮೆಟ್ರೋ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿದೆ, ಅಲ್ಲೂ ಬಾಗಿಲು ಮುಚ್ಚುತ್ತದೆ, ಆದರೆ ಅದು ಥಾಣೆಗೆ ಹೋಗುವುದಿಲ್ಲ. ಮುಂಬ್ರಾದ ನಂತರ ರೈಲ್ವೆ ಒಂದು ಮಾತು ಕೊಟ್ಟಿದೆ: ಸಾಮಾನ್ಯ ಲೋಕಲ್‌ಗೂ ತಾನಾಗಿ ಮುಚ್ಚುವ, ಗಾಳಿಸಂದುಗಳಿರುವ ಬಾಗಿಲು, ಚಾವಣಿಯಿಂದ ಗಾಳಿ ತುಂಬುವ ಯಂತ್ರ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿ. ಜತೆಗೆ ಹೆಚ್ಚು ರೈಲುಗಳು ಬೇಕು, ಇಲ್ಲದಿದ್ದರೆ ಆ ಬಾಗಿಲುಗಳು ಮುಚ್ಚುವುದೇ ಇಲ್ಲ.

ನೀವು ನಿಜವಾಗಿ ಟಾಟಾಕ್ಕೆ ಹೋಗುವವರಾದರೆ ಥಾಣೆಯಲ್ಲೇ ಇಳಿಯಿರಿ, ಹತ್ತೂವರೆ ಕಳೆಯುವವರೆಗೆ ಅಲ್ಲೇ ಕೂತು ಏನಾದರೂ ತಿನ್ನಿ, ಸ್ಲೋ ಹಿಡಿಯಿರಿ, ಸ್ಲೈಡುಗಳನ್ನು ಮೈಯಿಂದ ಬೇರೆ ಮಾಡಬೇಡಿ. ಹೊರಗಿನಿಂದ ಎಂದೋ ಬಂದವನಿಗೆ ಈ ಬುದ್ಧಿವಾದ ಸಾಕು. ದಿನವೂ ಒಂಬತ್ತಕ್ಕೆ ಹಾಜರಿ ಹಾಕಬೇಕಾದವನಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಕೈ ಬಿಡುವುದೋ ಹಿಡಿಯುವುದೋ ಎಂದು ಅವನು ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಿರ್ಧರಿಸಬೇಕಾಗಿ ಬಂದಿರುವುದೇ ತಪ್ಪು. ಮುಚ್ಚುವ ಬಾಗಿಲು ಎರಡನೆಯ ದರ್ಜೆಯ ಟಿಕೆಟಿನವನಿಗೂ ಸಿಗಬೇಕು, ಈಗಿನ ಅದೇ ದರಕ್ಕೆ, ಬೇಗ.